ಪಿಂಚಣಿ ಗಡಿ ದಾಟುತ್ತದೆ, ಆಸ್ಪತ್ರೆ ದಾಟುವುದಿಲ್ಲ

ಹೊಸ ವರ್ಷ ಹತ್ತಿರ ಬಂತೆಂದರೆ ಅಮೆರಿಕದ ಪತ್ರಿಕೆಗಳಲ್ಲಿ ಒಂದು ಪಟ್ಟಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ನಿವೃತ್ತಿಯ ನಂತರ ಹೋಗಿ ನೆಲೆಸಲು ಜಗತ್ತಿನಲ್ಲಿ ಯಾವ ದೇಶ ಮೇಲು ಎಂಬ ಪಟ್ಟಿ ಅದು. ಇಂಥವುಗಳಲ್ಲಿ ಹೆಚ್ಚು ಹೆಸರಾದದ್ದು ‘ಇಂಟರ್‌ನ್ಯಾಷನಲ್ ಲಿವಿಂಗ್’ ಎಂಬ ನಿಯತಕಾಲಿಕೆಯದು. 2024ರಲ್ಲಿ ಅದು ಕೋಸ್ಟರಿಕಾಕ್ಕೆ ಮೊದಲ ಸ್ಥಾನ ಕೊಟ್ಟಿತು, 2025ರಲ್ಲಿ ಪನಾಮಾಕ್ಕೆ, 2026ಕ್ಕೆ ಗ್ರೀಸ್‌ಗೆ. ನೋಡಿದರೆ, ಸ್ವರ್ಗವೂ ಪ್ರತಿ ಜನವರಿಗೆ ವಿಳಾಸ ಬದಲಿಸುತ್ತದೆ ಎನ್ನಬೇಕು. ಜೊತೆಗಿನ ಚಿತ್ರಗಳು ಮಾತ್ರ ಬದಲಾಗುವುದಿಲ್ಲ: ನೀಲಿ ಸಮುದ್ರ, ಬಿಳಿ ಕೂದಲಿನ ದಂಪತಿ, ಕೈಯಲ್ಲಿ ಒಂದೊಂದು ಲೋಟ.

ಚಿತ್ರದಲ್ಲಿ ಕಾಣದ ಸಂಖ್ಯೆಯೊಂದಿದೆ. ಅಮೆರಿಕದಲ್ಲಿ ದುಡಿದು ನಿವೃತ್ತರಾದ ಸಾಮಾನ್ಯ ವ್ಯಕ್ತಿಗೆ ಸರ್ಕಾರದ ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯಾಗಿ 2026ರ ಆರಂಭದಲ್ಲಿ ಸಿಗುತ್ತಿದ್ದುದು ತಿಂಗಳಿಗೆ ಸರಾಸರಿ 2,070 ಡಾಲರ್‌ನಷ್ಟು. ರೂಪಾಯಿಗೆ ತಿರುಗಿಸಿದರೆ ನಮಗೆ ದೊಡ್ಡ ಮೊತ್ತ. ಆದರೆ ಅಮೆರಿಕದ ಎಷ್ಟೋ ನಗರಗಳಲ್ಲಿ ಒಂದು ಮಲಗುವ ಕೋಣೆಯ ಮನೆಯ ಬಾಡಿಗೆಗೇ ಇದರ ಬಹುಪಾಲು ಹೋಗುತ್ತದೆ. ಹಿಂದೆ ಕಂಪನಿಗಳೇ ಜೀವಮಾನದ ಪಿಂಚಣಿ ಕೊಡುತ್ತಿದ್ದವು. 1980ರ ದಶಕದಿಂದ ಈಚೆಗೆ ಆ ಪದ್ಧತಿ ಸವೆಯುತ್ತ ಬಂದು, ಅವರವರ ಉಳಿತಾಯ ಅವರವರೇ ಶೇರು ಪೇಟೆಯಲ್ಲಿ ಹಾಕಿಕೊಳ್ಳುವ 401(ಕೆ) ಖಾತೆಗಳು ಬಂದವು. ಖಾತೆ ತುಂಬಿಸಿಕೊಂಡವರು ಪಾರಾದರು. ನಡುವೆ ಕೆಲಸ ಕಳೆದುಕೊಂಡವರು, ಕಾಯಿಲೆ ಬಿದ್ದವರು, ವಿಚ್ಛೇದನವಾದವರು ಸರ್ಕಾರದ ಪಿಂಚಣಿಯೊಂದನ್ನೇ ನೆಚ್ಚಿಕೊಳ್ಳಬೇಕಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಮ್ಮದು. ಇವರು ಕಾಲು ಮಡಚುವ ಬದಲು ಅದೇ ಹಾಸಿಗೆ ಉದ್ದವಾಗುವ ಊರು ಹುಡುಕಿಕೊಂಡು ಹೊರಟವರು.

ಹಾಗೆ ಹೊರಡಲು ಸಾಧ್ಯವಾಗುವುದು ಒಂದು ಕಾನೂನಿನಿಂದ, ಕೊನೆತನಕ ಅಲ್ಲಿ ಉಳಿಯಲು ಕಷ್ಟವಾಗುವುದು ಇನ್ನೊಂದು ಕಾನೂನಿನಿಂದ. ಅಮೆರಿಕನ್ನರ ವಿದೇಶವಾಸದ ಕಥೆಯೆಲ್ಲ ಈ ಎರಡರ ನಡುವೆಯೇ ಇದೆ ಎಂಬುದು ನನ್ನ ಅಭಿಪ್ರಾಯ. ಹವಾಮಾನ, ಮೀನಿನ ಊಟ, ಮುಗುಳ್ನಗುವ ಸ್ಥಳೀಯರು, ಇವೆಲ್ಲ ಆಮೇಲಿನವು.

ಮೊದಲನೆಯದು ಆಗಿನ ಅಧ್ಯಕ್ಷ ರೂಸ್‌ವೆಲ್ಟ್ 1935ರಲ್ಲಿ ಸಹಿ ಹಾಕಿದ ಸೋಷಿಯಲ್ ಸೆಕ್ಯುರಿಟಿ ಕಾಯ್ದೆ. ದುಡಿಯುವವರ ಸಂಬಳದಿಂದ ಶೇ 6.2, ಮಾಲೀಕರಿಂದ ಅಷ್ಟೇ ಮೊತ್ತ ಮುರಿದುಕೊಂಡು ನಡೆಯುವ ವ್ಯವಸ್ಥೆ ಇದು. ಕನಿಷ್ಠ ಹತ್ತು ವರ್ಷ ದುಡಿದವರು 62ನೇ ವಯಸ್ಸಿಗೆ ಕಡಿಮೆ ಪಿಂಚಣಿ ತೆಗೆದುಕೊಳ್ಳಬಹುದು; 1960 ಅಥವಾ ಆಮೇಲೆ ಹುಟ್ಟಿದವರು 67ರವರೆಗೆ ಕಾದರೆ ಪೂರ್ತಿ ಸಿಗುತ್ತದೆ. ಈ ಹಣ ಅಮೆರಿಕದ ಪ್ರಜೆಯನ್ನು ಜಗತ್ತಿನ ಬಹುತೇಕ ಎಲ್ಲ ದೇಶಗಳಿಗೂ ಹಿಂಬಾಲಿಸಿ ಬರುತ್ತದೆ. ಕ್ಯೂಬಾ, ಉತ್ತರ ಕೊರಿಯಾದಂಥ ಕೆಲವೆಡೆ ಕುಳಿತವರಿಗೆ ಮಾತ್ರ ಕಳುಹಿಸುವುದಿಲ್ಲ. ಹೀಗೆ ಅಮೆರಿಕದ ಹೊರಗೆ ಪಿಂಚಣಿ ಪಡೆಯುವವರು ಸುಮಾರು ಏಳು ಲಕ್ಷ ಮಂದಿ. ಅವರೆಲ್ಲ ಕಡಲತೀರ ಹುಡುಕಿ ಹೋದ ಅಮೆರಿಕನ್ನರೇ ಎಂದುಕೊಳ್ಳಬಾರದು. ಅಲ್ಲಿ ದುಡಿದು ತಾಯ್ನಾಡಿಗೆ ಮರಳಿದ ಮೆಕ್ಸಿಕನ್ನರು, ಕೆನಡಿಯನ್ನರು, ಜಪಾನೀಯರು, ಅವರ ವಿಧವೆಯರು ಎಲ್ಲರೂ ಈ ಲೆಕ್ಕದಲ್ಲಿದ್ದಾರೆ. ಹೊರದೇಶದಲ್ಲಿರುವವರು ಬದುಕಿದ್ದಾರೆಯೇ ಎಂದು ಕೇಳುವ ಅರ್ಜಿಯನ್ನು ಇಲಾಖೆ ಪ್ರತಿ ವರ್ಷ ಅಥವಾ ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಕಳುಹಿಸುತ್ತದೆ. ಸಹಿ ಹಾಕಿ ವಾಪಸು ಕಳುಹಿಸದಿದ್ದರೆ ಹಣ ನಿಲ್ಲುತ್ತದೆ. ನವೆಂಬರ್‌ನಲ್ಲಿ ಬ್ಯಾಂಕಿನ ಮುಂದೆ ಜೀವಿತ ಪ್ರಮಾಣಪತ್ರಕ್ಕಾಗಿ ನಿಲ್ಲುವ ನಮ್ಮ ನಿವೃತ್ತ ಮೇಷ್ಟರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಮೆಡಿಕೇರ್. 65 ದಾಟಿದವರ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಸರ್ಕಾರಿ ವಿಮೆ ಇದು. ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈ 30ರಂದು ಈ ಕಾನೂನಿಗೆ ಸಹಿ ಹಾಕಿ ಮೊದಲ ಕಾರ್ಡನ್ನು ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್‌ಗೆ ಕೊಟ್ಟರು. ಈ ವಿಮೆ ಅಮೆರಿಕದ ಗಡಿಯಲ್ಲಿ ನಿಂತುಬಿಡುತ್ತದೆ. ಪನಾಮಾದಲ್ಲಿ ಹೃದಯಾಘಾತವಾದರೆ, ಲಿಸ್ಬನ್‌ನಲ್ಲಿ ಸೊಂಟ ಮುರಿದರೆ ಅದು ಒಂದು ಡಾಲರ್ ಕೊಡುವುದಿಲ್ಲ. ಅಪವಾದಗಳು ಬೆರಳೆಣಿಕೆಯವು, ಅವುಗಳಲ್ಲೊಂದು ತಮಾಷೆಯಾಗಿದೆ: ಅಲಾಸ್ಕಾದಿಂದ ಅಮೆರಿಕದ ಬೇರೆ ರಾಜ್ಯಕ್ಕೆ ನೇರ ದಾರಿಯಲ್ಲಿ ಕೆನಡಾ ದಾಟಿ ಹೋಗುತ್ತಿರುವಾಗ ತುರ್ತು ಚಿಕಿತ್ಸೆ ಬೇಕಾಗಿ, ಕೆನಡಾದ ಆಸ್ಪತ್ರೆಯೇ ಹತ್ತಿರವಿದ್ದರೆ, ಆಗ ಕೊಡುತ್ತದೆ. ನೇರ ದಾರಿ ಬಿಟ್ಟು ಜಲಪಾತ ನೋಡಲು ತಿರುಗಿದವರ ಗತಿ ಅವರದೇ.

ಈಗ ವಯಸ್ಸನ್ನು ಗಮನಿಸಿ. ಪಿಂಚಣಿ 62ಕ್ಕೆ ಶುರುವಾಗಬಹುದು, ಮೆಡಿಕೇರ್ ಬರುವುದು 65ಕ್ಕೆ. ನಡುವಿನ ಮೂರು ವರ್ಷ ಅಮೆರಿಕದಲ್ಲಿ ಖಾಸಗಿ ವಿಮೆಯ ಕಂತು ಕಟ್ಟುವುದೆಂದರೆ ಸಣ್ಣ ಉಳಿತಾಯದವರಿಗೆ ಬೆನ್ನು ಮುರಿಯುವ ಮಾತು. ಹಲವರು ಹೊರದೇಶದ ಕಡೆ ಮೊದಲು ಕಣ್ಣು ಹಾಯಿಸುವುದು ಈ ಸಂದಿಯಲ್ಲೇ.

ಅವರನ್ನು ಕರೆಯುವ ದೇಶಗಳೂ ಲೆಕ್ಕ ಹಾಕಿಯೇ ಕರೆಯುತ್ತವೆ. ಪನಾಮಾವನ್ನು ನೋಡಿ. ಸಾಯುವತನಕ ತಿಂಗಳಿಗೆ 1,000 ಡಾಲರ್ ಪಿಂಚಣಿ ಬರುತ್ತದೆಂದು ತೋರಿಸಿದರೆ ಸಾಕು, ‘ಪೆನ್ಷಿಯೊನಾಡೊ’ ವೀಸಾ ಸಿಗುತ್ತದೆ. ದೇಶದಲ್ಲಿ ಒಂದು ಲಕ್ಷ ಡಾಲರ್‌ನ ಆಸ್ತಿ ಕೊಂಡವರಿಗೆ 750 ಡಾಲರ್ ಸಾಕು. ಪನಾಮಾ ಸ್ವಂತ ನೋಟು ಮುದ್ರಿಸುವುದೇ ಇಲ್ಲ. 1904ರಿಂದ ಅಲ್ಲಿ ಓಡಾಡುವುದು ಅಮೆರಿಕದ ಡಾಲರೇ, ಹಾಗಾಗಿ ವಿನಿಮಯ ದರದ ತಲೆನೋವಿಲ್ಲ. ಹೊರದೇಶದಿಂದ ಬಂದ ಆದಾಯಕ್ಕೆ ತೆರಿಗೆ ಇಲ್ಲ. ಮೇಲಾಗಿ 1987ರ ಕಾನೂನೊಂದು ಹಿರಿಯರಿಗೆ ರಿಯಾಯಿತಿಗಳ ಉದ್ದನೆಯ ಯಾದಿಯನ್ನೇ ಕೊಡುತ್ತದೆ: ವಿಮಾನದ ಟಿಕೆಟ್‌ನಲ್ಲಿ ಶೇ 25, ರೆಸ್ಟೊರೆಂಟ್ ಊಟದಲ್ಲಿ ಶೇ 25, ಸಿನಿಮಾ-ನಾಟಕಗಳಿಗೆ ಅರ್ಧ ದರ. ಇದನ್ನು ಅಮೆರಿಕನ್ನರಿಗಾಗಿ ಮಾಡಿದ ಕಾನೂನು ಎಂದು ಜಾಹೀರಾತುಗಳು ಬಿಂಬಿಸುತ್ತವೆ. ಹಾಗಲ್ಲ, ಪನಾಮಾದ ಹಿರಿಯರಿಗಾಗಿ, ಅಂದರೆ 55 ದಾಟಿದ ಹೆಂಗಸರು ಮತ್ತು 60 ದಾಟಿದ ಗಂಡಸರಿಗಾಗಿ ಮಾಡಿದ ಕಾನೂನಿನಲ್ಲಿ ವೀಸಾ ಪಡೆದ ಹೊರಗಿನವರಿಗೂ ಜಾಗ ಸಿಕ್ಕಿತು. ದೇಶದ ಪಶ್ಚಿಮದಲ್ಲಿ, ಬಾರು ಜ್ವಾಲಾಮುಖಿಯ ಮಗ್ಗುಲಲ್ಲಿ, ಬೊಕೆಟೆ ಎಂಬ ಊರಿದೆ. ಗೇಶಾ ತಳಿಯ ಕಾಫಿಯಿಂದ ಜಗತ್ತಿನ ಹರಾಜುಗಳಲ್ಲಿ ದಾಖಲೆ ಬೆಲೆ ಪಡೆದ ಪ್ರದೇಶ ಅದು. ತಂಪು ಹವೆಗೆ ಮರುಳಾಗಿ ಬಂದ ಅಮೆರಿಕನ್ನರ ಬಂಗಲೆಗಳು ಅಲ್ಲಿನ ಕಾಫಿ ಗುಡ್ಡಗಳಲ್ಲಿ ಎದ್ದು ನಿಂತಿವೆ. ಹಣ್ಣು ಬಿಡಿಸುವ ಕೆಲಸ ಮಾತ್ರ ಹೆಚ್ಚಾಗಿ ನೊಬೆ-ಬುಗ್ಲೆ ಮೂಲನಿವಾಸಿಗಳದೇ.

ಮೆಕ್ಸಿಕೊದ ನಂಟು ಇನ್ನೂ ಹಳೆಯದು. ಎರಡನೇ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕರಿಗೆ 1944ರ ಜಿ.ಐ. ಬಿಲ್ ಓದಲು ಹಣ ಕೊಟ್ಟಿತು. ಆ ಹಣದಲ್ಲಿ ಮೆಕ್ಸಿಕೊದ ಸಾನ್ ಮಿಗೆಲ್ ದೆ ಅಯೆಂದೆ ಎಂಬ ಹಳೆಯ ಗಣಿಪ್ರದೇಶದ ಊರಿನ ಕಲಾಶಾಲೆಗೆ ಹಲವರು ಸೇರಿದರು. ಚಿಕಾಗೊದಿಂದ 1937ರಲ್ಲೇ ಬಂದು ನೆಲೆಸಿದ್ದ ಸ್ಟರ್ಲಿಂಗ್ ಡಿಕಿನ್ಸನ್ ಎಂಬಾತ ಅವರನ್ನು ಸೆಳೆದವನು. ತಿಂಗಳ ಭತ್ಯೆಯಲ್ಲಿ ಮನೆ, ಅಡುಗೆಯವಳು, ಮಿಕ್ಕಿದರೆ ಒಂದಿಷ್ಟು ಮೋಜು ಎಲ್ಲ ಆಗುತ್ತಿತ್ತು. ಚಿತ್ರ ಬರೆಯಲು ಬಂದವರಲ್ಲಿ ಎಷ್ಟು ಜನ ಚಿತ್ರಕಾರರಾದರೋ ಏನೋ, ಊರಂತೂ ಅಮೆರಿಕನ್ನರ ನೆಲೆಯಾಯಿತು. ಇನ್ನೊಂದು ನೆಲೆ ಗ್ವಾದಲಹಾರ ನಗರದ ಬಳಿಯ ಚಪಾಲಾ ಸರೋವರದ ದಂಡೆ. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರ, ವರ್ಷವಿಡೀ ಫ್ಯಾನೂ ಬೇಡ ಹೀಟರೂ ಬೇಡ ಎನ್ನುವ ಹವೆ. ಅಹಿಹಿಕ್ ಎಂಬ ಅಲ್ಲಿನ ಮೀನುಗಾರರ ಹಳ್ಳಿಯಲ್ಲಿ ಈಗ ಇಂಗ್ಲಿಷ್ ಪುಸ್ತಕಗಳ ಗ್ರಂಥಾಲಯವಿದೆ, ಇಂಗ್ಲಿಷ್ ನಾಟಕ ತಂಡವಿದೆ. ಇಪ್ಪತ್ತು ವರ್ಷ ಇದ್ದರೂ ತರಕಾರಿ ಕೊಳ್ಳುವಷ್ಟು ಸ್ಪ್ಯಾನಿಷ್ ಕಲಿಯದವರೂ ಇದ್ದಾರೆ. ಈ ವಿಚಾರದಲ್ಲಿ ಅಮೆರಿಕನ್ನರನ್ನಷ್ಟೇ ಆಡಿಕೊಳ್ಳುವುದು ಸರಿಯೇ ಎಂದು ಬೆಂಗಳೂರಿಗೆ ಹೊರಗಿನಿಂದ ಬಂದು ನೆಲೆಸಿ ಕನ್ನಡ ಕಲಿಯದವರನ್ನೇ ಕೇಳಬೇಕು.

ಮೆಕ್ಸಿಕೊದಲ್ಲಿ ಕಡಲತೀರದಿಂದ 50 ಕಿಲೊಮೀಟರ್, ಗಡಿಯಿಂದ 100 ಕಿಲೊಮೀಟರ್ ಒಳಗಿನ ನೆಲವನ್ನು ವಿದೇಶಿಯರು ನೇರವಾಗಿ ಕೊಳ್ಳುವಂತಿಲ್ಲ. 1917ರ ಸಂವಿಧಾನ ಹಾಕಿದ ಬೇಲಿ ಇದು, ಅದರ ಹಿಂದೆ ಅರ್ಧ ದೇಶವನ್ನೇ ಉತ್ತರದ ನೆರೆಯವನಿಗೆ ಕಳೆದುಕೊಂಡ ನೆನಪಿದೆ. ಕಡಲಂಚಿನ ಮನೆ ಬೇಕೆಂದವರು ಬ್ಯಾಂಕಿನ ಹೆಸರಿನಲ್ಲಿ 50 ವರ್ಷದ ಟ್ರಸ್ಟ್ ಮಾಡಿಸಿಕೊಳ್ಳಬೇಕು. ಅಗ್ಗದ ದೇಶವೆಂಬ ಮಾತೂ ಹಳೆಯದಾಗುತ್ತಿದೆ. ಕಾನ್ಸುಲೇಟಿನಿಂದ ಕಾನ್ಸುಲೇಟಿಗೆ ತುಸು ವ್ಯತ್ಯಾಸವಿದ್ದರೂ ತಾತ್ಕಾಲಿಕ ನಿವಾಸಕ್ಕೆ ತೋರಿಸಬೇಕಾದ ಆದಾಯ ಈಗ ತಿಂಗಳಿಗೆ 4,000 ಡಾಲರ್ ದಾಟಿದೆ. ಸರಾಸರಿ ಪಿಂಚಣಿಯೊಂದನ್ನೇ ನಂಬಿದ ಒಂಟಿ ವ್ಯಕ್ತಿ ಬ್ಯಾಂಕಿನಲ್ಲಿ ದೊಡ್ಡ ಗಂಟು ತೋರಿಸದ ಹೊರತು ಆ ಬಾಗಿಲು ತೆರೆಯದು.

ಪೋರ್ಚುಗಲ್‌ನ ಕಥೆ ಬೇರೆ ಬಗೆಯದು. ಆರ್ಥಿಕ ಬಿಕ್ಕಟ್ಟಿಗೆ ಸಿಕ್ಕ ದೇಶ ಹಣವಂತರನ್ನು ಸೆಳೆಯಲು 2009ರಲ್ಲಿ ಹೊಸ ನಿವಾಸಿಗಳಿಗೆ ಹತ್ತು ವರ್ಷದ ತೆರಿಗೆ ವಿನಾಯಿತಿ ತಂದಿತು. ಹೊರಗಿನಿಂದ ಬರುವ ಪಿಂಚಣಿಗೆ ಆಗ ತೆರಿಗೆಯೇ ಇರಲಿಲ್ಲ. ಫಿನ್ಲೆಂಡ್ ಮತ್ತು ಸ್ವೀಡನ್‌ಗಳ ನಿವೃತ್ತರು ತಮ್ಮ ದೇಶಕ್ಕೂ ಕೊಡದೆ ಪೋರ್ಚುಗಲ್‌ಗೂ ಕೊಡದೆ ಬಿಸಿಲು ಕಾಯಿಸುತ್ತ ಕುಳಿತರು. ಆ ಎರಡು ಸರ್ಕಾರಗಳು ಸಿಟ್ಟಾಗಿ ಪೋರ್ಚುಗಲ್ ಜೊತೆಗಿನ ತೆರಿಗೆ ಒಪ್ಪಂದವನ್ನೇ ಮುರಿದುಕೊಂಡವು. 2020ರಲ್ಲಿ ಶೇ 10 ತೆರಿಗೆ ಬಂತು, 2024ರಿಂದ ಹೊಸಬರಿಗೆ ಆ ಯೋಜನೆಯ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಲಿಸ್ಬನ್‌ನ ಬಾಡಿಗೆ ಅಲ್ಲಿನ ಮೇಷ್ಟರು, ನರ್ಸುಗಳ ಕೈಗೆಟುಕದಂತಾಗಿತ್ತು. ಇದಕ್ಕೆ ನಿವೃತ್ತರಷ್ಟೇ ಕಾರಣರಲ್ಲ. ಪ್ರವಾಸಿಗರ ಬಾಡಿಗೆ ಮನೆಗಳು, ಆಸ್ತಿ ಕೊಂಡವರಿಗೆ ಕೊಡುತ್ತಿದ್ದ ಗೋಲ್ಡನ್ ವೀಸಾ ಎಲ್ಲ ಸೇರಿ ಮಾಡಿದ್ದು. ಅಮೆರಿಕನ್ನರು ಈಗಲೂ ಡಿ7 ಎಂಬ ವೀಸಾದಲ್ಲಿ ಬರುತ್ತಾರೆ. ಅದಕ್ಕೆ ಪೋರ್ಚುಗಲ್‌ನ ಕನಿಷ್ಠ ವೇತನದಷ್ಟು ಆದಾಯ, ಅಂದರೆ 2025ರ ಲೆಕ್ಕದಲ್ಲಿ ತಿಂಗಳಿಗೆ 870 ಯೂರೊ ತೋರಿಸಬೇಕು. ಒಂದು ದೇಶದ ದುಡಿಯುವವನ ಕನಿಷ್ಠ ಸಂಬಳವೇ ಇನ್ನೊಂದು ದೇಶದ ನಿವೃತ್ತನಿಗೆ ಪ್ರವೇಶದ ಟಿಕೆಟ್ ಆಗುವುದರಲ್ಲಿ ಏನೋ ಇರಿಸುಮುರಿಸಿದೆ.

ಆ ಇರಿಸುಮುರಿಸು ಬೀದಿಗೂ ಬಂದಿದೆ. 2025ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಮೆಕ್ಸಿಕೊ ಸಿಟಿಯ ಕೊಂಡೆಸಾ ಮತ್ತು ರೋಮಾ ಬಡಾವಣೆಗಳಲ್ಲಿ ಜನ ಮೆರವಣಿಗೆ ಹೊರಟು ಗ್ರಿಂಗೊಗಳ, ಅಂದರೆ ಅಮೆರಿಕನ್ನರ, ವಿರುದ್ಧ ಘೋಷಣೆ ಕೂಗಿದರು. ಕೆಲವು ಅಂಗಡಿಗಳ ಗಾಜು ಒಡೆಯಿತು. ಅಧ್ಯಕ್ಷೆ ಕ್ಲಾಡಿಯಾ ಶೈನ್‌ಬಾಮ್ ವಿದೇಶಿ ದ್ವೇಷವನ್ನು ಖಂಡಿಸಿದರು. ಇದೇ ಶೈನ್‌ಬಾಮ್ ನಗರದ ಮೇಯರ್ ಆಗಿದ್ದಾಗ, 2022ರಲ್ಲಿ, ಲ್ಯಾಪ್‌ಟಾಪ್ ಹಿಡಿದು ಬರುವ ವಿದೇಶಿಯರನ್ನು ಆಕರ್ಷಿಸಲು ಏರ್‌ಬಿಎನ್‌ಬಿ ಜೊತೆ ಒಪ್ಪಂದ ಮಾಡಿಕೊಂಡಿದ್ದರು! ಆ ಬಡಾವಣೆಗಳಿಗೆ ನುಗ್ಗಿದವರು ಹೆಚ್ಚಾಗಿ ದೂರದಿಂದಲೇ ಕಚೇರಿ ಕೆಲಸ ಮಾಡುವ ಎಳೆಯರು, ನಿವೃತ್ತರಲ್ಲ. ಬಾಡಿಗೆ ಏರಿಸುವ ಮಾಲೀಕನಿಗೆ ಮಾತ್ರ ಡಾಲರ್‌ನ ವಯಸ್ಸು ಬೇಕಿಲ್ಲ.

ಏಷ್ಯಾದ ಕಡೆ ಬಂದರೆ ಥಾಯ್ಲೆಂಡ್‌ಗೆ 50 ತುಂಬಿರಬೇಕು, ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು ಅಥವಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಪ್ರತಿ 90 ದಿನಕ್ಕೊಮ್ಮೆ ‘ಇಂಥಲ್ಲಿದ್ದೇನೆ’ ಎಂದು ವಲಸೆ ಇಲಾಖೆಗೆ ತಿಳಿಸುತ್ತಿರಬೇಕು. ಫ್ಲ್ಯಾಟ್ ಕೊಳ್ಳಬಹುದು, ನೆಲ ಕೊಳ್ಳುವಂತಿಲ್ಲ. ಫಿಲಿಪೀನ್ಸ್‌ನಲ್ಲಿ 1985ರಿಂದ ವಿದೇಶಿ ನಿವೃತ್ತರಿಗೆಂದೇ ಸರ್ಕಾರಿ ಪ್ರಾಧಿಕಾರವಿದೆ. ಅಲ್ಲಿದ್ದ ಅಮೆರಿಕದ ಕ್ಲಾರ್ಕ್, ಸೂಬಿಕ್ ಸೇನಾನೆಲೆಗಳು ಮುಚ್ಚಿ ಮೂರು ದಶಕವಾದರೂ ಅವುಗಳ ಸುತ್ತಲಿನ ಊರುಗಳಲ್ಲಿ ಮಾಜಿ ಸೈನಿಕರು ಬಿಡಾರ ಹೂಡಿಕೊಂಡೇ ಇದ್ದಾರೆ.

ಹೊರಟವರಿಗೆ ತಮ್ಮ ದೇಶದ ತೆರಿಗೆ ಇಲಾಖೆ ಮಾತ್ರ ಎಲ್ಲಿ ಹೋದರೂ ಬೆನ್ನು ಬಿಡುವುದಿಲ್ಲ. ಅಮೆರಿಕ ತನ್ನ ಪ್ರಜೆಯ ಆದಾಯಕ್ಕೆ ಅವನು ಎಲ್ಲೇ ಬದುಕಿರಲಿ ತೆರಿಗೆ ಕೇಳುತ್ತದೆ. ಹೀಗೆ ಮಾಡುವ ಇನ್ನೊಂದು ದೇಶ ಎರಿಟ್ರಿಯಾ. ವಿದೇಶಿ ಬ್ಯಾಂಕುಗಳಲ್ಲಿರುವ ಹಣ ಒಟ್ಟಾರೆ 10,000 ಡಾಲರ್ ದಾಟಿದ ವರ್ಷ ಅದರ ವಿವರ ಸಲ್ಲಿಸಬೇಕು. 2010ರ ಫಾಟ್ಕಾ ಕಾನೂನಿನ ಬಳಿಕ ಅಮೆರಿಕನ್ ಗ್ರಾಹಕರ ವಿವರ ಒದಗಿಸುವ ರಗಳೆಯೇ ಬೇಡವೆಂದು ಯುರೋಪಿನ ಕೆಲವು ಬ್ಯಾಂಕುಗಳು ಅವರಿಗೆ ಖಾತೆಯನ್ನೇ ಕೊಡಲು ಹಿಂಜರಿಯುತ್ತವೆ.

ಇಷ್ಟಾದರೂ 65ರಿಂದ 75ರವರೆಗಿನ ಹತ್ತು ವರ್ಷ ಚೆನ್ನಾಗಿಯೇ ಕಳೆಯುತ್ತದೆ ಎಂದಿಟ್ಟುಕೊಳ್ಳೋಣ. ನಡೆದಾಡುವ ಕಾಲು, ಕಾರು ಓಡಿಸುವ ಕಣ್ಣು, ಜೊತೆಗೊಬ್ಬ ಸಂಗಾತಿ ಇರುವ ಕಾಲ ಅದು. ಪಟ್ಟಿಗಳು ಅಂಕ ಕೊಡುವುದೂ ಈ ಹತ್ತು ವರ್ಷಕ್ಕೇ. ಎಂಬತ್ತರ ಹೊತ್ತಿಗೆ ಪ್ರಶ್ನೆಪತ್ರಿಕೆಯೇ ಬದಲಾಗುತ್ತದೆ. ಖಾಸಗಿ ಅಂತರರಾಷ್ಟ್ರೀಯ ವಿಮೆ ಎಪ್ಪತ್ತು, ಎಪ್ಪತ್ತೈದು ದಾಟಿದವರನ್ನು ಹೊಸದಾಗಿ ಸೇರಿಸಿಕೊಳ್ಳುವುದು ಅಪರೂಪ. ಮೆಕ್ಸಿಕೊದ ಸರ್ಕಾರಿ ವಿಮೆಗೆ ಸ್ವಂತವಾಗಿ ಸೇರಬಹುದು, ಆದರೆ ಮೊದಲೇ ಇರುವ ಎಷ್ಟೋ ದೊಡ್ಡ ಕಾಯಿಲೆಗಳನ್ನು ಅದು ಹೊರಗಿಡುತ್ತದೆ. ಕೋಸ್ಟರಿಕಾ ಈ ಮಟ್ಟಿಗೆ ದೊಡ್ಡ ಮನಸ್ಸಿನದು. ಅಲ್ಲಿ ನಿವಾಸ ಪಡೆದ ವಿದೇಶಿಯರು ‘ಕಾಹಾ’ ಎಂಬ ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ಆದಾಯಕ್ಕೆ ತಕ್ಕ ವಂತಿಗೆ ಕಟ್ಟಲೇಬೇಕು, ಕಟ್ಟಿದ ಮೇಲೆ ಹಳೆಯ ಕಾಯಿಲೆ ಎಂದು ಯಾರನ್ನೂ ವಾಪಸು ಕಳುಹಿಸುವುದಿಲ್ಲ. ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯಬೇಕು, ಅಷ್ಟೆ. ಸೈನ್ಯವನ್ನು 1948ರಲ್ಲೇ ವಿಸರ್ಜಿಸಿ ಶಾಲೆ, ಆಸ್ಪತ್ರೆಗಳಿಗೆ ಹಣ ಹಾಕಿದ ದೇಶ ಅದು. ನನ್ನನ್ನು ಕೇಳಿದರೆ ಮೊದಲ ಸ್ಥಾನಕ್ಕೆ ಕಡಲತೀರಕ್ಕಿಂತ ಇದು ಹೆಚ್ಚಿನ ಅರ್ಹತೆ.

ವಾಪಸು ಅಮೆರಿಕಕ್ಕೆ ಹೋಗಿ ಮೆಡಿಕೇರ್ ಬಳಸಿಕೊಂಡರಾಯಿತಲ್ಲ ಎನ್ನಬಹುದು. ಆಸ್ಪತ್ರೆ ವಾಸದ ಭಾಗಕ್ಕೆ ಹತ್ತು ವರ್ಷ ದುಡಿದವರು ಕಂತು ಕಟ್ಟಬೇಕಿಲ್ಲ. ಆದರೆ ವೈದ್ಯರ ಶುಲ್ಕ, ಪರೀಕ್ಷೆಗಳನ್ನು ನೋಡಿಕೊಳ್ಳುವ ‘ಪಾರ್ಟ್ ಬಿ’ಗೆ 2026ರಲ್ಲಿ ತಿಂಗಳಿಗೆ 202.90 ಡಾಲರ್. ಹೊರದೇಶದಲ್ಲಿ ಅದರಿಂದ ಕಾಸಿನ ಪ್ರಯೋಜನವಿಲ್ಲ. ಹಾಗೆಂದು 65ಕ್ಕೆ ಸೇರದೆ ಬಿಟ್ಟರೆ, ಬಿಟ್ಟ ಪ್ರತಿ ಹನ್ನೆರಡು ತಿಂಗಳಿಗೆ ಶೇ 10ರಂತೆ ದಂಡ ಸೇರುತ್ತ ಹೋಗುತ್ತದೆ. ಐದು ವರ್ಷ ಬಿಟ್ಟವರು ಸಾಯುವತನಕ ಒಂದೂವರೆ ಪಟ್ಟು ಕಟ್ಟುತ್ತಾರೆ. ಹಾಗೆ ಮರಳಿದರೂ ಮೆಡಿಕೇರ್ ಕೊಡುವುದು ಚಿಕಿತ್ಸೆಗೆ. ಸ್ನಾನ ಮಾಡಿಸುವ, ಊಟ ತಿನ್ನಿಸುವ, ರಾತ್ರಿ ಕಾವಲಿರುವ ದೀರ್ಘ ಆರೈಕೆಗೆ ಕೊಡುವುದಿಲ್ಲ. ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ಅದರ ಖರ್ಚು ಸಾಮಾನ್ಯವಾಗಿ ವರ್ಷಕ್ಕೆ ಒಂದು ಲಕ್ಷ ಡಾಲರ್ ದಾಟುತ್ತದೆ. ಮರೆವಿನ ಕಾಯಿಲೆಯ ಗಂಡನನ್ನು ಕರೆದುಕೊಂಡು ಮರಳುವ ಹೆಂಗಸಿಗೆ ತಾನು ಬಿಟ್ಟುಹೋದ ದುಬಾರಿ ದೇಶ ಇನ್ನಷ್ಟು ದುಬಾರಿಯಾಗಿ ಎದುರಾಗುತ್ತದೆ. ಮನೆಗೇ ಬಂದು ನೋಡಿಕೊಳ್ಳುವ ದಾದಿಯರು ಕೈಗೆಟುಕುವ ದರದಲ್ಲಿ ಸಿಗುತ್ತಾರೆಂದು ಕೆಲವರು ಚಪಾಲಾದಲ್ಲೋ ಮನಿಲಾದಲ್ಲೋ ಕೊನೆಯವರೆಗೂ ಉಳಿಯುವುದು ಇದೇ ಕಾರಣಕ್ಕೆ.

ಹೊರದೇಶದವಳನ್ನು ಮದುವೆಯಾಗಿ ಅಲ್ಲೇ ಉಳಿದವರಿಗೆ ಇನ್ನೊಂದು ತೊಡಕಿದೆ. ಆತ ತೀರಿಕೊಂಡರೆ ಹೆಂಡತಿಗೆ ವಿಧವಾ ಪಿಂಚಣಿ ಬರುತ್ತದೆಂದು ಇಬ್ಬರೂ ನಂಬಿರುತ್ತಾರೆ. ಆಕೆ ಅಮೆರಿಕದ ಪ್ರಜೆಯಲ್ಲದಿದ್ದರೆ, ಆತನ ಹೆಂಡತಿಯಾಗಿ ಕನಿಷ್ಠ ಐದು ವರ್ಷ ಅಮೆರಿಕದಲ್ಲಿ ವಾಸಿಸದೇ ಇದ್ದರೆ, ವಿಶೇಷ ಒಪ್ಪಂದವಿರುವ ಕೆಲವು ದೇಶಗಳನ್ನು ಬಿಟ್ಟು ಉಳಿದೆಡೆ ಆ ಹಣ ಆಕೆಗೆ ತಲುಪುವುದಿಲ್ಲ.

ಈ ಲೆಕ್ಕಾಚಾರ ಈಗ ಕನ್ನಡಿಗರ ಮನೆಗಳಿಗೂ ಬಂದಿದೆ. 1990ರ ದಶಕದಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಹೋದವರು ಈಗ ಅರವತ್ತರ ಅಂಚಿನಲ್ಲಿದ್ದಾರೆ. ಬೇರೆ ಅಮೆರಿಕನ್ನರಿಗೆ ಭಾರತದಲ್ಲಿ ನಿವೃತ್ತರ ವೀಸಾ ಎಂಬುದಿಲ್ಲ. ಇವರಿಗೆ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದೆ, ಕೃಷಿ ಜಮೀನು ಬಿಟ್ಟು ಮನೆ-ಸೈಟು ಕೊಳ್ಳಬಹುದು. ಅಲ್ಲಿ ಹತ್ತು ವರ್ಷ ದುಡಿದಿದ್ದರೆ ಪಿಂಚಣಿ ಇಲ್ಲಿಗೂ ಬರುತ್ತದೆ. ಎಚ್-1ಬಿ ವೀಸಾದಲ್ಲಿ ಆರೇಳು ವರ್ಷ ದುಡಿದು ಮರಳಿದವರು ಕಟ್ಟಿದ ಹಣ ಮಾತ್ರ ಅಲ್ಲೇ ಉಳಿಯಿತು. ಎರಡು ದೇಶಗಳ ಸೇವಾವಧಿಯನ್ನು ಕೂಡಿಸಿ ಲೆಕ್ಕ ಹಿಡಿಯುವ ಒಪ್ಪಂದ ಅಮೆರಿಕಕ್ಕೆ ಸುಮಾರು ಮೂವತ್ತು ದೇಶಗಳ ಜೊತೆಗಿದೆ, ಭಾರತ ವರ್ಷಗಳಿಂದ ಕೇಳುತ್ತಿದ್ದರೂ ಆಗಿಲ್ಲ.

ಮರಳಿ ಬರುವವರಿಗೆ ಒಂದು ಅನುಕೂಲವಾಗಿದೆ. ಆರೋಗ್ಯ ವಿಮೆಗೆ 65ರ ನಂತರ ಹೊಸದಾಗಿ ಸೇರಲು ಇದ್ದ ತಡೆಯನ್ನು ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ತೆಗೆದಿದೆ. ಕಂತು ಹೆಚ್ಚು, ಹಳೆಯ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಆದರೂ ಮೈಸೂರಿನಲ್ಲಿ ನೆಲೆಸಿದ ದಂಪತಿ ಇಲ್ಲಿನ ವಿಮೆಯ ಜೊತೆಗೆ ಅಲ್ಲಿನ ಪಾರ್ಟ್ ಬಿಯನ್ನೂ ಬಿಡದೆ ಕಟ್ಟಿದರೆ ಇಬ್ಬರಿಗೆ ಸೇರಿ ತಿಂಗಳಿಗೆ 405 ಡಾಲರ್ ಮೇಲೆ, ಅಂದರೆ ಮೈಸೂರಿನಲ್ಲಿ ಒಳ್ಳೆಯ ಮನೆಯೊಂದರ ಬಾಡಿಗೆಯಷ್ಟಾದರೂ ಆಗುತ್ತದೆ. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಕೈಕಾಲು ಬಿದ್ದಾಗ ಅಲ್ಲಿಗೇ ಹೋಗಬೇಕಾದೀತು ಎನ್ನುವವರು ಅದನ್ನು ಕಟ್ಟುತ್ತಾರೆ. ಇಲ್ಲೇ ಇರುವುದು ಖಚಿತವೆನ್ನುವವರು ಬಿಡುತ್ತಾರೆ. ಅಂಥ ಮನೆಗಳಲ್ಲಿ ಗಂಡ ಹೆಂಡತಿಗೆ ಈ ವಿಚಾರದಲ್ಲಿ ಒಮ್ಮತವಿರುವುದು ಕಡಿಮೆ.